ಕಡವು ಕಾಣದ ಹಡಗು

ಊರಿನಿಂದ ನನ್ನ ತಾಯಿಯವರು ಮೊದಲ ಬಾರಿಗೆ ಅಮೆರಿಕದ ವರ್ಜೀನಿಯದಲ್ಲಿ ನಾನಿರುವ ರೆಸ್ಟನ್ನಿಗೆ ಬಂದಿದ್ದ ಬೇಸಗೆಯಲ್ಲಿ, ಒಂದು ಭಾನುವಾರದ ಮುಂಜಾವಿನಲ್ಲಿ, ಅವರನ್ನು ಲೀಸ್‌ಬರ್ಗಿನ ಆಚೆಗೆ ಪೊಟೊಮ್ಯಾಕ್ ನದಿಯ ದಡಕ್ಕೆ ಕರೆದುಕೊಂಡು ಹೋಗಿದ್ದೆನು. ಅಲ್ಲಿ ವೈಟ್ಸ್ ಫೆರಿ ಎಂಬ ಹೆಸರಿನ, ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಹಿಡಿಯುವ ಚಪ್ಪಟೆಯಾದ ದೋಣಿಯೊಂದು ನದಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಆತುಕೊಂಡು ವರ್ಜೀನಿಯದ ದಡದಿಂದ ಮೇರಿಲ್ಯಾಂಡಿನ ದಡಕ್ಕೂ, ಅಲ್ಲಿಂದ ಮರಳಿ ಇತ್ತಲಿಗೂ ದಿನವಿಡೀ ಸಂಚರಿಸುತ್ತಿದ್ದಿತು. ಶರಾವತಿಯ ಹಿನ್ನೀರಿನ ಆಚೆಯ ತುಮರಿ ಸೀಮೆಯಲ್ಲಿ ಬಾಳಿದ ನನ್ನ ತಾಯಿಗೆ ದೋಣಿಯ ಮೇಲೆ ವಾಹನವನ್ನೇರಿಸುವ ದೃಶ್ಯವು ಹೊಸದೇನೂ ಅಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ನೀರು ತುಂಬಿಕೊಂಡ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಓಡಾಡಿದ ಸಿಗಂದೂರಿನ ಲಾಂಚಿನ ಮೇಲೆ ಬಸ್ಸಿನಲ್ಲಿ ಕುಳಿತೇ ಎಷ್ಟು ಸಲ ದಾಟಿದ್ದರೆಂಬುದಕ್ಕೆ ಲೆಕ್ಕವಿಲ್ಲ. ಆದುದರಿಂದ ನದಿಯ ಸೊಬಗನ್ನಾಗಲಿ ದೋಣಿಯ ಯಂತ್ರವನ್ನಾಗಲಿ ಅವರು ಕೇಳಲಿಲ್ಲ, ಕಾರು ಹಲಗೆಯ ಮೇಲೆ ಉರುಳುತ್ತಿದ್ದಾಗ, "ಅಪ್ಪೀ, ಆಚೆ ದಡದಲ್ಲಿ ಹತ್ತೋಕೆ ದಾರಿ ಸರಿಯಾಗಿ ಇದ್ಯಾ?" ಎಂದು ಮಾತ್ರ ಕೇಳಿದರು.

ಆ ಪ್ರಶ್ನೆಯ ಹಿಂದೆ ಒಂದು ಜನಪದದ ಅನುಭವವೇ ಇದ್ದಿತು. ಬೇಸಗೆಯಲ್ಲಿ ಹಿನ್ನೀರು ಇಳಿದರೆ ಲಾಂಚು ನೀರಿನ ಮೇಲೆ ಸುಸ್ಥಿತಿಯಲ್ಲಿ ತೇಲುತ್ತಿದ್ದರೂ ದಡದ ಕಟ್ಟೆಯನ್ನು ಮುಟ್ಟಲಾರದೆ ವಾಹನಗಳ ಸಾಗಣೆ ನಿಂತುಹೋಗುವುದನ್ನು ಆ ಸೀಮೆಯವರು ಕಂಡವರು. ಪೊಟೊಮ್ಯಾಕಿನ ಆ ದೋಣಿಯೂ ಮುಂದೆ ಹಾಗೆಯೇ ನಿಂತಿತು. ಹದಿನೆಂಟನೆಯ ಶತಮಾನದ ಕೊನೆಯಿಂದ ಆ ರೇವಿನಲ್ಲಿ ಒಂದಲ್ಲ ಒಂದು ದೋಣಿ ನಡೆದುಬಂದಿದ್ದಿತು. ಆದರೆ ವರ್ಜೀನಿಯದ ಕಡೆಯ ದಡದಲ್ಲಿ ಇಳಿಯಲು ಸಾರ್ವಜನಿಕ ಹಕ್ಕಿಲ್ಲ, ಆ ನೆಲ ಖಾಸಗಿಯವರದು ಎಂದು 2020ರಲ್ಲಿ ಅಲ್ಲಿಯ ನ್ಯಾಯಾಲಯವು ತೀರ್ಪಿತ್ತ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ದೋಣಿಯನ್ನು ಕಟ್ಟಿಹಾಕಿದರು. ನದಿ ಇದ್ದಿತು, ದೋಣಿ ಇದ್ದಿತು, ದಾಟುವ ಜನರೂ ಇದ್ದರು; ಇಲ್ಲವಾದುದು ಕಡವು ಒಂದೇ.

ಕಡವಿನ ಅಭಾವದಿಂದ ವಿಧಿಯೇ ಬದಲಾದ ಇನ್ನೊಂದು ನೌಕೆಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಗಾತ್ರದಲ್ಲಿಯೂ ವೇಗದಲ್ಲಿಯೂ ವೆಚ್ಚದಲ್ಲಿಯೂ ಅದಕ್ಕೂ ಈ ಹಗ್ಗದ ದೋಣಿಗೂ ಹೋಲಿಕೆಯಿಲ್ಲ. ಅದು ಹುಟ್ಟಿದುದು ಅಲಬಾಮದ ಮೊಬೀಲ್ ಬಂದರಿನಲ್ಲಿ; ದುಡಿಯಲೆಂದು ಹೋದುದು ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳಿಗೆ; ದಿಕ್ಕಿಲ್ಲದೆ ಬಂದು ಕಟ್ಟಿಕೊಂಡುದು ರೆಸ್ಟನ್ನಿನಿಂದ ಸುಮಾರು ಇನ್ನೂರು ಮೈಲಿ ದೂರದ ನಾರ್ಫೋಕ್ ಬಂದರಿನಲ್ಲಿ. ಅದಕ್ಕೆ ಸಾಲದ ಖಾತರಿಯನ್ನು ಕೊಟ್ಟುದೂ, ಕೊನೆಗೆ ಅದನ್ನು ಕೊಂಡುದೂ ನಮ್ಮ ನೆರೆಯ ವಾಷಿಂಗ್ಟನ್ ನಗರದಲ್ಲಿರುವ ಸರ್ಕಾರದ ಕಚೇರಿಗಳೇ. ಅದರ ಹೆಸರು ಅಲಾಕೈ.

ಅಲಾಕೈ ಎಂಬುದು ಕಾರುಗಳನ್ನು ಹೊತ್ತು ಅತಿವೇಗವಾಗಿ ಓಡುವ ಕ್ಯಾಟಮರಾನ್ ಜಾತಿಯ ಹಡಗು. ಈ ಕ್ಯಾಟಮರಾನ್ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮವರಿಗೆ ಅದು ಪರಕೀಯವೆಂದು ತೋರುವುದಾದರೂ ಅದು ನಮ್ಮ ನೆರೆಮನೆಯದೇ: ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುವ ತಮಿಳು ಬೆಸ್ತರ ‘ಕಟ್ಟುಮರಂ’, ನಮ್ಮ ಮಾತಿನ ಕಟ್ಟುಮರ. ಹದಿನೇಳನೆಯ ಶತಮಾನದ ಅಂತ್ಯದಲ್ಲಿ ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು ತನ್ನ ಯಾತ್ರಾಗ್ರಂಥದಲ್ಲಿ ಈ ಶಬ್ದವನ್ನು ಬಳಸಿದನು. ಅಲ್ಲಿಂದ ಅದು ಜಗತ್ತಿನ ಭಾಷೆಗಳಿಗೆ ಹಬ್ಬಿತು. ಆದರೆ ಹಬ್ಬುವಾಗ ಅರ್ಥ ಪಲ್ಲಟವಾಯಿತು. ನಮ್ಮ ಕಟ್ಟುಮರವು ದಿಮ್ಮಿಗಳನ್ನು ಒತ್ತಾಗಿ ಜೋಡಿಸಿದ ಒಂದೇ ತೆಪ್ಪ. ಇಂದು ಆ ಹೆಸರನ್ನು ಹೊತ್ತಿರುವುದು ಎರಡು ಒಡಲುಗಳನ್ನು ದೂರ ದೂರವಿಟ್ಟು ನಡುವೆ ಅಟ್ಟವನ್ನು ಹಾಸಿದ ನೌಕೆ. ಈ ಜೋಡಿ ಒಡಲಿನ ಕಲ್ಪನೆಯಾದರೋ ಪಾಲಿನೇಷಿಯದ ಜನರದು. ನಕ್ಷತ್ರಗಳನ್ನೂ ಅಲೆಗಳ ಬಾಗನ್ನೂ ಹಕ್ಕಿಗಳ ಹಾದಿಯನ್ನೂ ಓದಿಕೊಂಡು, ಜೋಡಿ ದೋಣಿಗಳಲ್ಲಿ ಸಾವಿರಾರು ಮೈಲಿಗಳ ಸಾಗರವನ್ನು ದಾಟಿ ಹವಾಯಿಯನ್ನು ಕಂಡವರು ಅವರೇ. ಆ ವಿದ್ಯೆಯು ಬರಿಯ ಐತಿಹ್ಯವಲ್ಲವೆಂಬುದನ್ನು 1976ರಲ್ಲಿ ಹೋಕುಲೇಅ ಎಂಬ ಜೋಡಿ ದೋಣಿಯು ಆಧುನಿಕ ಉಪಕರಣಗಳ ನೆರವಿಲ್ಲದೆ ಹವಾಯಿಯಿಂದ ಟಹೀಟಿಗೆ ಹೋಗಿ ತೋರಿಸಿತು. ಹೀಗೆ, ನಮ್ಮ ತೀರದ ಹೆಸರನ್ನೂ ಹವಾಯಿಯ ಪೂರ್ವಿಕರ ಆಕೃತಿಯನ್ನೂ ಹೊತ್ತು ಅಲ್ಯುಮಿನಿಯಮ್ಮಿನ ಹಡಗೊಂದು 2007ರಲ್ಲಿ ಹವಾಯಿಗೇ ಬಂದಿತೆಂಬುದನ್ನು ನೆನೆದಾಗಲೆಲ್ಲ ಆ ದ್ವೀಪಗಳ ಜನರಲ್ಲಿ ಕೆಲವರು ಅದನ್ನು ಎದುರಿಸಿದ ಬಗೆಯು ನನ್ನ ಮನಸ್ಸನ್ನು ಹೆಚ್ಚು ಕಾಡುತ್ತದೆ.

ಹಡಗಿಗೆ ಎರಡು ಒಡಲುಗಳೇಕೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ವಿವರಿಸುವುದು ಯುಕ್ತ. ಹಡಗು ಮುಂದುವರಿದಂತೆ ನೀರನ್ನು ಸೀಳಿ ಅಲೆಯನ್ನೆಬ್ಬಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ದೊಡ್ಡದಾಗಿ, ಒಂದು ಹಂತವನ್ನು ಮೀರಿದ ಮೇಲೆ ಹಡಗು ತಾನೇ ಎಬ್ಬಿಸಿದ ಅಲೆಯ ಏರನ್ನು ತಾನೇ ಹತ್ತಬೇಕಾಗಿ ಬರುತ್ತದೆ. ಆ ಹಂತದಿಂದಾಚೆಗೆ ಎಂಜಿನ್ನಿಗೆ ಎಷ್ಟು ಇಂಧನವನ್ನು ಉಣಿಸಿದರೂ ಅದು ಅಲೆಯನ್ನು ಬೆಳೆಸುವುದಕ್ಕೇ ವ್ಯಯವಾಗುವುದಲ್ಲದೆ ಓಟಕ್ಕೆ ಒದಗುವುದು ಸ್ವಲ್ಪವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು ಚಿಕ್ಕ ಚಿಕ್ಕ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಈ ನಿಯಮವನ್ನು ಅಳೆದನು. ಅದೇ ಪರೀಕ್ಷೆಯನ್ನು ಅಮೆರಿಕದ ನೌಕಾಪಡೆಯು ನಡೆಸುವ ಕೊಳ, ಅರ್ಧ ಮೈಲಿಗೂ ಉದ್ದವಾದ ಕಟ್ಟಡದೊಳಗೆ, ನಮ್ಮೂರಿಗೆ ಸಮೀಪದಲ್ಲಿ ಪೊಟೊಮ್ಯಾಕಿನ ಆಚೆ ದಡದ ಕಾರ್ಡರಾಕಿನಲ್ಲಿಯೇ ಇದೆ. ಒಡಲನ್ನು ಚೂರಿಯ ಅಲುಗಿನಂತೆ ಕಿರಿದಾಗಿಸಿದರೆ ಏಳುವ ಅಲೆ ಚಿಕ್ಕದಾಗುವುದು ದಿಟ. ಆದರೆ ಕಿರಿದಾದ ಒಡಲು ಪಕ್ಕಕ್ಕೆ ಮಗುಚಿಕೊಳ್ಳುವ ಭಯವುಂಟು, ಸಾಮಾನಿಗೆ ಸ್ಥಳವೂ ಇರದು. ಅಂಥ ಕಿರಿಯ ಒಡಲುಗಳೆರಡನ್ನು ಅಗಲವಾಗಿ ಇರಿಸಿ ಮೇಲೆ ಅಟ್ಟ ಹಾಕಿದೊಡನೆ ಭಯವೂ ಹೋಯಿತು, ನೂರಾರು ಕಾರುಗಳನ್ನು ಸಾಲಾಗಿ ನಿಲ್ಲಿಸುವ ಅಂಗಳವೂ ದೊರೆಯಿತು. ಉಕ್ಕಿನ ಬದಲು ಹಗುರವಾದ ಅಲ್ಯುಮಿನಿಯಮ್ಮನ್ನು ಬಳಸಿ, ಪ್ರೊಪೆಲ್ಲರಿನ ಬದಲು ನೀರನ್ನು ತಳದಿಂದ ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮುವ ವಾಟರ್‌ಜೆಟ್ಟುಗಳನ್ನು ಅಳವಡಿಸಿದರೆ, ಹೆದ್ದಾರಿಯ ಬಸ್ಸಿನ ವೇಗದಲ್ಲಿ ಕಡಲನ್ನು ದಾಟಬಹುದು.

ಈ ವಿದ್ಯೆಯನ್ನು ಕಾರು ಸಾಗಿಸುವ ಹಡಗಿನ ಪ್ರಮಾಣಕ್ಕೆ ಏರಿಸಿದವರು ಮುಖ್ಯವಾಗಿ ಆಸ್ಟ್ರೇಲಿಯದವರು. ಟಾಸ್ಮೇನಿಯದ ಹೋಬಾರ್ಟಿನಲ್ಲಿ ಇನ್‌ಕ್ಯಾಟ್ ಸಂಸ್ಥೆಯು ನಿರ್ಮಿಸಿದ, 74 ಮೀಟರ್ ಉದ್ದದ ‘ಹೋವರ್‌ಸ್ಪೀಡ್ ಗ್ರೇಟ್ ಬ್ರಿಟನ್’ ಎಂಬ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಕಾರುಗಳನ್ನು ಸಾಗಿಸುವ ಸಾಧಾರಣ ಕೆಲಸಕ್ಕೆಂದು ಹೊರಟದ್ದು, ದಾರಿಯಲ್ಲಿ 1990ರ ಜೂನ್ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು 3 ದಿನ 7 ಗಂಟೆ 54 ನಿಮಿಷಗಳಲ್ಲಿ ದಾಟಿ ಹೇಲ್ಸ್ ಪಾರಿತೋಷಕವನ್ನು ಗೆದ್ದುಕೊಂಡಿತು. ಅದುವರೆಗೆ ಆ ಕೀರ್ತಿ 1952ರಿಂದ ‘ಯುನೈಟೆಡ್ ಸ್ಟೇಟ್ಸ್’ ಎಂಬ ಮಹಾನೌಕೆಯದಾಗಿದ್ದಿತು. ವರ್ಜೀನಿಯದ ನ್ಯೂಪೋರ್ಟ್ ನ್ಯೂಸಿನಲ್ಲಿ ಹುಟ್ಟಿದ ಆ ನೌಕೆಯನ್ನು, ಕಡಲತಳದಲ್ಲಿ ಮೀನುಗಳಿಗೆ ಆಶ್ರಯವಾಗಿ ಮುಳುಗಿಸುವ ಸಿದ್ಧತೆಗೆಂದು, 2025ರಲ್ಲಿ ಫಿಲಡೆಲ್ಫಿಯದಿಂದ ಎಳೆದುಕೊಂಡು ಹೋದರು. ಎಳೆದೊಯ್ದುದು ನಮ್ಮ ಅಲಾಕೈ ಜನಿಸಿದ ಮೊಬೀಲ್ ಬಂದರಿಗೇ.

ಮೊಬೀಲಿನಲ್ಲಿ ಹಡಗುಕಟ್ಟೆಯನ್ನು ಸ್ಥಾಪಿಸಿದ್ದುದು ಆಸ್ಟಲ್ ಎಂಬ ಇನ್ನೊಂದು ಆಸ್ಟ್ರೇಲಿಯದ ಸಂಸ್ಥೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನೂ ಸರಕನ್ನೂ ಸಾಗಿಸುವ ಹಡಗು ಅಮೆರಿಕದಲ್ಲಿಯೇ ನಿರ್ಮಿತವಾಗಿರಬೇಕೆಂಬ ಕಾನೂನಿರುವುದರಿಂದ ಹವಾಯಿಯ ಈ ಹಡಗುಗಳನ್ನು ಅಲ್ಲಿ ಕಟ್ಟಬೇಕಾಯಿತು. ಹವಾಯಿಯ ಜನರು ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಹೋಗಬೇಕಾದರೆ ಹೆಚ್ಚಾಗಿ ವಿಮಾನವೇ ಗತಿ. ಕಾರನ್ನೋ ತರಕಾರಿಯ ವ್ಯಾನನ್ನೋ ಒಯ್ಯಬೇಕಾದರೆ ಸರಕಿನ ಬಾರ್ಜಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕು. ಈ ಕೊರತೆಯನ್ನು ಕಂಡು ಹವಾಯಿ ಸೂಪರ್‌ಫೆರಿ ಎಂಬ ಕಂಪನಿ ಹುಟ್ಟಿಕೊಂಡಿತು. ರೇಗನ್ನರ ಆಡಳಿತದಲ್ಲಿ ನೌಕಾಪಡೆಯ ಕಾರ್ಯದರ್ಶಿಯಾಗಿದ್ದ ಜಾನ್ ಲೇಮನ್ನರ ಹೂಡಿಕೆಸಂಸ್ಥೆಯು ಅದಕ್ಕೆ ಬಂಡವಾಳವನ್ನು ತಂದಿತು. ಒಕ್ಕೂಟ ಸರ್ಕಾರದ ಮೆರಿಟೈಮ್ ಅಡ್ಮಿನಿಸ್ಟ್ರೇಷನ್, ಅಂದರೆ ವಾಣಿಜ್ಯ ನೌಕಾಡಳಿತವು, ಸುಮಾರು 14 ಕೋಟಿ ಡಾಲರುಗಳ ಸಾಲಕ್ಕೆ ಖಾತರಿಯಾಗಿ ನಿಂತಿತು. ಹವಾಯಿ ರಾಜ್ಯವು ಬಂದರುಗಳಲ್ಲಿ ಕಾರುಗಳು ಹತ್ತಿ ಇಳಿಯಲು ಬೇಕಾದ ಬಾರ್ಜುಗಳಿಗೂ ಇಳಿಜಾರು ಸೇತುಗಳಿಗೂ 4 ಕೋಟಿ ಡಾಲರುಗಳನ್ನು ವೆಚ್ಚಮಾಡಲು ಒಪ್ಪಿತು. ಅಲಾಕೈ ತನ್ನೊಡನೆ ಸೇತುವನ್ನು ಹೊತ್ತು ತಿರುಗುವ ಹಡಗಲ್ಲ. ದಡದವರು ಸೇತುವನ್ನು ಒಡ್ಡಿದಲ್ಲಿ ಮಾತ್ರ ಅದರ ಬಾಗಿಲಿಗೆ ಅರ್ಥ. ಈ ಸಂಗತಿಯನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹಡಗಾದರೋ ಸೊಗಸಾದ ಹಡಗು. ಉದ್ದ 106 ಮೀಟರಿಗೂ ಮಿಗಿಲು, ಅಗಲ ಸುಮಾರು 24 ಮೀಟರ್. ಒಂದೊಂದೂ 8,200 ಕಿಲೋವಾಟ್ ಶಕ್ತಿಯ ನಾಲ್ಕು ಡೀಸೆಲ್ ಎಂಜಿನುಗಳು ನಾಲ್ಕು ವಾಟರ್‌ಜೆಟ್ಟುಗಳನ್ನು ನಡೆಸುತ್ತಿದ್ದುವು. 866 ಪ್ರಯಾಣಿಕರಿಗೂ, ಚಿಕ್ಕ ಕಾರುಗಳಾದರೆ 282ಕ್ಕೂ ಸ್ಥಳವಿದ್ದಿತು. ಓಟ 35 ನಾಟಿನಷ್ಟು, ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 65 ಕಿಲೋಮೀಟರ್. ಹೊನೊಲುಲುವಿನಿಂದ ಮಾವಿ ದ್ವೀಪದ ಕಹುಲೂಯಿ ಬಂದರಿಗೆ ಮೂರು ಗಂಟೆಗಳ ದಾರಿ. 2007ರ ಬೇಸಗೆಯಲ್ಲಿ ಅದು ಹೊನೊಲುಲುವನ್ನು ಮುಟ್ಟಿದಾಗ, ದ್ವೀಪದಿಂದ ದ್ವೀಪಕ್ಕೆ ಅಜ್ಜಿಮನೆಗೆ ಕಾರಿನಲ್ಲೇ ಹೋಗಬಹುದೆಂದು ಹಿಗ್ಗಿದ ಕುಟುಂಬಗಳು ಅನೇಕವಿದ್ದುವು.

ಆದರೆ ದಡದಲ್ಲಿ ಬೇರೊಂದು ಮಾತು ಬೆಳೆಯುತ್ತಿದ್ದಿತು. ಚಳಿಗಾಲದಲ್ಲಿ ಕೂನು ತಿಮಿಂಗಿಲಗಳು ಮರಿಹಾಕಲು ಬರುವ ನೀರು ಮಾವಿಯ ಸುತ್ತಣ ನೀರು. 35 ನಾಟಿನ ಹಡಗು ಅವುಗಳ ಮೇಲೆ ಹಾದರೆ ಗತಿಯೇನು? ಕವಾಯಿ ದ್ವೀಪದಲ್ಲಿ ಮುಂಗುಸಿ ನೆಲೆಯೂರಿಲ್ಲವಾದ್ದರಿಂದ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳು ಅಲ್ಲಿ ಇನ್ನೂ ಉಳಿದುಕೊಂಡಿವೆ. ನೂರಾರು ವಾಹನಗಳ ಅಡಿಯಲ್ಲೋ ಬುಟ್ಟಿಯಲ್ಲೋ ಅನ್ಯ ಜೀವಿಗಳೂ ಕಳೆಬೀಜಗಳೂ ಬಂದು ಸೇರಿದರೆ ತಡೆಯುವವರಾರು? ಕಿರಿದಾದ ಬಂದರಿನ ರಸ್ತೆಗಳು ಆ ವಾಹನಸಂದಣಿಯನ್ನು ತಾಳಬಲ್ಲವೇ? ಹವಾಯಿಯ ಕಾನೂನಿನ ಪ್ರಕಾರ ಇಂಥ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಪರಿಸರ ಪರಿಶೀಲನೆಯಲ್ಲಿ ಉತ್ತರ ದೊರೆಯಬೇಕಾಗಿದ್ದಿತು. ರಾಜ್ಯದ ಸಾರಿಗೆ ಇಲಾಖೆಯು 2005ರಲ್ಲಿಯೇ ಬಂದರಿನ ಕಾಮಗಾರಿಗೆ ಆ ಪರಿಶೀಲನೆಯಿಂದ ವಿನಾಯಿತಿಯನ್ನು ಕೊಟ್ಟುಬಿಟ್ಟಿದ್ದಿತು. ಸಿಯೆರ ಕ್ಲಬ್, ಮಾವಿ ಟುಮಾರೊ, ಕಹುಲೂಯಿ ಹಾರ್ಬರ್ ಕೊಯಲಿಷನ್ ಎಂಬ ಮೂರು ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದುವು. 2007ರ ಆಗಸ್ಟ್ 23ರಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯವು ಆ ವಿನಾಯಿತಿ ತಪ್ಪೆಂದು ನುಡಿಯಿತು.

ಇಲ್ಲಿ ಕಂಪನಿಯು ಮಾಡಿದ ನಿರ್ಧಾರವು ನನ್ನ ಅಭಿಪ್ರಾಯದಲ್ಲಿ ಆ ಹಡಗಿನ ಹಣೆಬರಹವನ್ನು ಬರೆದುಬಿಟ್ಟಿತು. ಆಗಸ್ಟ್ 28ಕ್ಕೆಂದು ನಿಗದಿಯಾಗಿದ್ದ ಮೊದಲ ಯಾನವನ್ನು ಮುಂದೂಡುವ ಬದಲು ಎರಡು ದಿನ ಹಿಂದಕ್ಕೆ ತಂದು, ತಲೆಗೆ 5 ಡಾಲರ್, ಕಾರಿಗೂ 5 ಡಾಲರ್ ಎಂಬ ಆಕರ್ಷಕ ದರವನ್ನು ಸಾರಿ, 26ರಂದೇ ಹಡಗನ್ನು ಹೊರಡಿಸಿದರು. ಮಾವಿಗೆ ಹೋಗಿ ಬಂದಿತು. ಅದೇ ದಿನ ಸಂಜೆ ಕವಾಯಿಯ ನವಿಲಿವಿಲಿ ಬಂದರಿನ ಬಾಯಲ್ಲಿ ಕೆಲವರು ತಮ್ಮ ಸರ್ಫ್ ಹಲಗೆಗಳ ಮೇಲೆ ಈಜಿಕೊಂಡು ಬಂದು ಅಡ್ಡ ಕುಳಿತರು. ಕೋಸ್ಟ್ ಗಾರ್ಡಿನ ದೋಣಿಗಳು ಅವರನ್ನು ಸರಿಸಿದ ಮೇಲೆ, ಒಂದು ಗಂಟೆಗೂ ಹೆಚ್ಚು ಕಾಲ ಕಾದು, ಹಡಗು ದಡ ಸೇರಿತು. ಮರುದಿನ ಹಲಗೆಗಳು ಹೆಚ್ಚಿದುವು, ಜೊತೆಗೆ ಪುಟ್ಟ ದೋಣಿಗಳೂ ಬಂದುವು. ದಡದ ಮೇಲೆ ನೂರಾರು ಜನ ನೆರೆದಿದ್ದರು. ಮೂವತ್ತೆರಡು ಸಾವಿರ ಕಿಲೋವಾಟಿಗೂ ಮಿಗಿಲಾದ ಶಕ್ತಿಯ ಆ ನೌಕೆ ಬಂದರಿನ ಹೊರಗೆ ಗಂಟೆಗಟ್ಟಲೆ ಸುತ್ತಾಡಿ, ಹತ್ತಲೆಂದು ಕಾದು ನಿಂತಿದ್ದವರನ್ನು ದಡದಲ್ಲಿಯೇ ಬಿಟ್ಟು, ಇಳಿಯಬೇಕಾದವರನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಂಡು, ಹೊನೊಲುಲುವಿಗೆ ಹಿಂದಿರುಗಿತು. ಕವಾಯಿಗೆ ಅದು ಮತ್ತೆಂದೂ ಹೋಗಲಿಲ್ಲ.

ಆ ಸಂಜೆಯ ಪ್ರಯಾಣಿಕರ ಕಷ್ಟವನ್ನು ಹಗುರವಾಗಿ ಕಾಣಲಾಗದು. ಅವರಲ್ಲಿ ಮನೆಗೆ ಮರಳುತ್ತಿದ್ದವರೂ ಇದ್ದರು. ಹಾಗೆಂದು ಹಲಗೆಯ ಮೇಲೆ ಕುಳಿತವರನ್ನು ಪ್ರಗತಿಯ ವಿರೋಧಿಗಳೆಂದು ಕರೆಯಲು ನನಗೆ ಮನಸ್ಸು ಬಾರದು. ಶರಾವತಿಯ ನೀರಿನಲ್ಲಿ ಊರನ್ನೂ ಗದ್ದೆಯನ್ನೂ ಕಳೆದುಕೊಂಡವರ ಮನೆಯಲ್ಲಿ ಹುಟ್ಟಿದವನಿಗೆ, ‘ಮೊದಲು ನಮ್ಮನ್ನು ಕೇಳಬೇಕಾಗಿದ್ದಿತು’ ಎಂಬ ಮಾತಿನ ತೂಕ ತಿಳಿಯದೆ ಹೋಗುವುದಿಲ್ಲ. ಅವರು ಕೇಳಿದುದು ಹಡಗನ್ನು ಸುಡಿರೆಂದಲ್ಲ. ಪರಿಶೀಲನೆ ಮುಗಿಯಲಿ, ಆಮೇಲೆ ಬನ್ನಿರೆಂದು. ಆ ಕೆಲಸವನ್ನು ಮೊದಲೇ ಮಾಡಿ ಮುಗಿಸಿದ್ದರೆ ಅಲಾಕೈ ಇಂದಿಗೂ ಆ ದ್ವೀಪಗಳ ನಡುವೆ ಓಡುತ್ತಿದ್ದೀತೆಂದು ನಾನು ನಂಬುತ್ತೇನೆ.

ಸರ್ಕಾರವು ಬೇರೆ ದಾರಿಯನ್ನು ಹಿಡಿಯಿತು. ರಾಜ್ಯಪಾಲೆ ಲಿಂಡ ಲಿಂಗಲ್ ಅವರು ಶಾಸನಸಭೆಯ ವಿಶೇಷ ಅಧಿವೇಶನವನ್ನು ಕರೆದು, ಪರಿಶೀಲನೆ ನಡೆಯುತ್ತಿರುವಾಗಲೇ ಹಡಗು ಓಡಬಹುದೆಂಬ ಕಾಯಿದೆಗೆ 2007ರ ನವೆಂಬರ್ 2ರಂದು ಸಹಿ ಹಾಕಿದರು. ಅಷ್ಟರಲ್ಲಿ ನಿಂತುಹೋಗಿದ್ದ ಮಾವಿಯ ಯಾನ ಡಿಸೆಂಬರ್ 13ರಂದು ಮತ್ತೆ ಮೊದಲಾಯಿತು. ತಿಮಿಂಗಿಲಗಳ ಋತುವಿನಲ್ಲಿ ವೇಗವನ್ನು 25 ನಾಟಿಗೆ ಇಳಿಸುವುದು, ಕೆಲವು ವೇಳೆ ಮೊಲೊಕಾಯಿ ದ್ವೀಪದ ಉತ್ತರಕ್ಕೆ ಸುತ್ತಿ ಹೋಗುವುದು, ವಾಹನಗಳನ್ನು ತಪಾಸಣೆಮಾಡುವುದು ಮುಂತಾದ ಕಟ್ಟುಪಾಡುಗಳು ಬಂದುವು. ಆದರೆ ಆ ಚಳಿಗಾಲದ ಕಡಲು ಒರಟಾಗಿದ್ದಿತು. ಜೋಡಿ ಒಡಲಿನ ಹಗುರ ಹಡಗಿಗೆ ಒಂದು ಸ್ವಭಾವದೋಷವುಂಟು: ಎದುರಿನಿಂದ ಬರುವ ದೊಡ್ಡ ಅಲೆಗಳಲ್ಲಿ ಎರಡು ಒಡಲುಗಳ ನಡುವಣ ಅಟ್ಟದ ತಳವು ನೀರಿಗೆ ಬಡಿಯುತ್ತದೆ, ಹಡಗು ಬೇಗ ಬೇಗ ಎದ್ದು ಬೀಳುತ್ತದೆ. ಪ್ರಯಾಣಿಕರು ವಾಂತಿಯಿಂದ ಬಳಲಿದರು, ಹಲವು ಯಾನಗಳು ರದ್ದಾದುವು. ಚುಕ್ಕಾಣಿಯ ಬಳಿ ಬಿರುಕು ಕಂಡು 2008ರ ಫೆಬ್ರವರಿಯಲ್ಲಿ ಡ್ರೈ ಡಾಕಿಗೆ ಹೋದ ಹಡಗು, ಅಲ್ಲಿ ಸೇರುವಾಗಲೇ ಒಡಲಿಗೆ ಪೆಟ್ಟು ತಿಂದು, ಏಪ್ರಿಲಿನ ಮೊದಲ ವಾರದವರೆಗೆ ಹೊರಬರಲಿಲ್ಲ. ಅಷ್ಟರಲ್ಲಿ ಅಲೋಹ ಏರ್‌ಲೈನ್ಸ್ ಎಂಬ ಹಳೆಯ ವಿಮಾನಸಂಸ್ಥೆ ಪ್ರಯಾಣಿಕರ ಹಾರಾಟವನ್ನು ನಿಲ್ಲಿಸಿದ್ದಿತು. ಜನ ಹಡಗಿನತ್ತ ತಿರುಗಿದರು. ಒಂದು ವರ್ಷ ಸಮಾಧಾನದಿಂದ ಓಡಿತು.

2009ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯವು ಮತ್ತೊಮ್ಮೆ ಮಾತಾಡಿತು. ಒಬ್ಬರೇ ಒಬ್ಬರ ಹಿತಕ್ಕಾಗಿ ಮಾಡಿದಂಥ ವಿಶೇಷ ಶಾಸನವು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂಬುದೇ ಅದರ ಸಾರ. ಮಾರ್ಚ್ 19ರಂದು ಅಲಾಕೈ ಮಾವಿಗೆ ಕೊನೆಯ ಯಾನವನ್ನು ಮಾಡಿ, ಅತ್ತ ಉಳಿದಿದ್ದ ಜನರನ್ನೂ ಕಾರುಗಳನ್ನೂ ಮರಳಿ ತಂದಿತು. ಮೇ ತಿಂಗಳ ಕೊನೆಯಲ್ಲಿ ಕಂಪನಿ ದಿವಾಳಿಯ ಅರ್ಜಿಯನ್ನು ಸಲ್ಲಿಸಿತು.

ಆಗ ಮೊಬೀಲಿನಲ್ಲಿ ಹುವಾಕೈ ಎಂಬ ಎರಡನೆಯ ಹಡಗೂ ಸಿದ್ಧವಾಗಿದ್ದಿತು. ಹವಾಯಿಯ ಭಾಷೆಯಲ್ಲಿ ಯಾತ್ರೆ ಎಂದು ಅದರ ಹೆಸರಿಗೆ ಅರ್ಥ. ಹವಾಯಿಯ ಪ್ರಯಾಣಿಕನೊಬ್ಬನನ್ನೂ ಹತ್ತಿಸಿಕೊಳ್ಳದೆಯೇ ಅದರ ಮೊದಲ ಬಾಳು ಮುಗಿಯಿತು. ಜೋಡಿ ಹಡಗುಗಳೆರಡೂ ನಾರ್ಫೋಕಿನ ಧಕ್ಕೆಯಲ್ಲಿ ಕಟ್ಟಿಕೊಂಡವು. ನಾರ್ಫೋಕೆಂದರೆ ಜಗತ್ತಿನ ಅತಿ ದೊಡ್ಡ ನೌಕಾನೆಲೆಯಿರುವ ಊರು. ಕಾರಿನ ದೋಣಿಗಳೂ ಆ ನೀರಿಗೆ ಅಪರಿಚಿತವಲ್ಲ. ಚೆಸಪೀಕ್ ಕೊಲ್ಲಿಯ ಬಾಯನ್ನು ದಾಟಿಸುತ್ತಿದ್ದ ಫೆರಿಗಳು 1964ರ ಏಪ್ರಿಲಿನಲ್ಲಿ ಸೇತುವೆ-ಸುರಂಗ ತೆರೆದ ದಿನವೇ ನಿಂತು, ಅವುಗಳಲ್ಲಿ ಕೆಲವು ಉತ್ತರಕ್ಕೆ ಹೋಗಿ ಕೇಪ್ ಮೇ ಮತ್ತು ಲೂಯಿಸ್‌ಗಳ ನಡುವೆ ಹೊಸದಾಗಿ ದುಡಿಯತೊಡಗಿದ್ದುವು. ಕೆಲಸ ತಪ್ಪಿದ ಹಡಗು ಬೇರೆ ರೇವನ್ನು ಹುಡುಕಿಕೊಳ್ಳುವುದು ಇಲ್ಲಿ ಹಳೆಯ ವಾಡಿಕೆ.

ಹುವಾಕೈಗೆ ಕರೆ ಬೇಗನೆ ಬಂದಿತು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ಕಂಪಿಸಿ, ರಾಜಧಾನಿ ಪೋರ್ಟೊ ಪ್ರಿನ್ಸಿನ ಬಂದರಿನ ಧಕ್ಕೆಗಳು ಕುಸಿದು, ದೊಡ್ಡ ಹಡಗುಗಳು ನಿಲ್ಲಲು ಎಡೆಯಿಲ್ಲವಾದಾಗ, ವಾಣಿಜ್ಯ ನೌಕಾಡಳಿತವು ಪರಿಹಾರಕಾರ್ಯಕ್ಕೆ ಕರೆದ ಹಡಗುಗಳಲ್ಲಿ ಹುವಾಕೈಯೂ ಒಂದು. ಅಲಾಕೈಗೂ ಅದಕ್ಕೂ ಇದ್ದ ಮುಖ್ಯ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಹುವಾಕೈಯನ್ನು ಕಟ್ಟುವಾಗ ಅದರ ಹಿಂಭಾಗಕ್ಕೆ ಮಡಚಿಕೊಳ್ಳುವ ಸೇತುವೊಂದನ್ನು ಸೇರಿಸಿದ್ದರು. ಸಾಧಾರಣವಾದ ಯಾವುದಾದರೊಂದು ಕಟ್ಟೆ ಸಿಕ್ಕರೆ ಸಾಕು, ವಾಹನಗಳನ್ನು ತಾನೇ ಇಳಿಸಬಲ್ಲದು. ಅಕ್ಕನು ಎಡವಿದ ಕಲ್ಲನ್ನು ಕಂಡು ತಂಗಿಗೆ ಊರುಗೋಲು ಕೊಟ್ಟಂತೆ ಅದು ನನಗೆ ತೋರುತ್ತದೆ.

ಸಾಲಕ್ಕೆ ಖಾತರಿಯಾಗಿ ನಿಂತವನು ಸಾಲವನ್ನು ತೀರಿಸಲೇಬೇಕಷ್ಟೆ. 2010ರ ಸೆಪ್ಟೆಂಬರಿನಲ್ಲಿ ನಾರ್ಫೋಕಿನಲ್ಲಿ ಹರಾಜು ನಡೆದಾಗ ಒಂದೊಂದು ಹಡಗನ್ನೂ 2.5 ಕೋಟಿ ಡಾಲರಿಗೆ ಕೂಗಿಕೊಂಡದ್ದು ಆ ನೌಕಾಡಳಿತವೇ. ಅಲ್ಲಿಂದ 2012ರಲ್ಲಿ ನೌಕಾಪಡೆಯು ಎರಡನ್ನೂ ಸೇರಿಸಿ 3.5 ಕೋಟಿ ಡಾಲರಿಗೆ ಪಡೆದು, ಹುವಾಕೈಗೆ ‘ಗ್ವಾಮ್’ ಎಂದೂ ಅಲಾಕೈಗೆ ‘ಪೋರ್ಟೊ ರೀಕೊ’ ಎಂದೂ ನಾಮಕರಣ ಮಾಡಿತು. ಗ್ವಾಮ್ ಕೆಲವು ವರ್ಷಗಳ ಬಳಿಕ ಜಪಾನಿನ ಒಕಿನಾವಕ್ಕೆ ಹೋಗಿ, ಅಲ್ಲಿ ‘ವೆಸ್ಟ್‌ಪ್ಯಾಕ್ ಎಕ್ಸ್‌ಪ್ರೆಸ್’ ಎಂಬ ಹಳೆಯ ಕ್ಯಾಟಮರಾನಿನ ಸ್ಥಾನದಲ್ಲಿ ಸೈನಿಕರನ್ನೂ ಅವರ ವಾಹನಗಳನ್ನೂ ಸಾಗಿಸತೊಡಗಿತು. ಇದಕ್ಕಿಂತ ಹಿರಿದಾದ ಸಂತಾನವೂ ಉಂಟು: ಈ ಜೋಡಿಯನ್ನು ಕಟ್ಟಿದ ಅನುಭವದಿಂದಲೇ ಆಸ್ಟಲ್ ಸಂಸ್ಥೆಯು ‘ಸ್ಪಿಯರ್‌ಹೆಡ್’ ಎಂಬ 103 ಮೀಟರಿನ ಸೈನಿಕಸಾಗಣೆಯ ಹಡಗನ್ನು ರೂಪಿಸಿ 2012ರ ಕೊನೆಯಲ್ಲಿ ನೌಕಾಪಡೆಗೆ ಒಪ್ಪಿಸಿತು, ಅದೇ ಜಾತಿಯ ಹಡಗುಗಳು ಒಂದರ ಹಿಂದೊಂದು ಮೊಬೀಲಿನಿಂದ ಕಡಲಿಗಿಳಿದುವು. ಅಜ್ಜಿಮನೆಗೆ ಹೋಗುವವರ ಕಾರುಗಳಿಗಾಗಿ ಹಾಸಿದ ಅಂಗಳದ ಮೇಲೆ ಸೈನ್ಯದ ಟ್ರಕ್ಕುಗಳು ನಿಂತುವು. ಸೈನ್ಯಕ್ಕೂ ಈ ಹಡಗು ಮೆಚ್ಚುಗೆಯಾದುದು ವೇಗಕ್ಕಷ್ಟೇ ಅಲ್ಲ; ತಳ ಆಳವಾಗಿಲ್ಲದ ಕಾರಣ ಚಿಕ್ಕಪುಟ್ಟ ಬಂದರುಗಳ ಒಳಗೂ ಅದು ನುಸುಳಬಲ್ಲದು.

ಅಲಾಕೈಯಾದರೋ ತನ್ನ ಮೂಲ ವೃತ್ತಿಗೆ ಮರಳಿತು. ಅಮೆರಿಕದ ಮೇನ್ ರಾಜ್ಯಕ್ಕೂ ಕೆನಡದ ನೋವ ಸ್ಕೋಷಿಯ ಪ್ರಾಂತಕ್ಕೂ ನಡುವೆ ಹರಡಿರುವ ಕೊಲ್ಲಿಯಲ್ಲಿ, ಬೇ ಫೆರಿಸ್ ಸಂಸ್ಥೆಯು 1998ರಿಂದ 2009ರವರೆಗೆ ‘ದ ಕ್ಯಾಟ್’ ಎಂಬ ಹೆಸರಿನ ವೇಗದ ಕ್ಯಾಟಮರಾನುಗಳನ್ನು ನಡೆಸಿ, ಪ್ರಾಂತ ಸರ್ಕಾರದ ಸಹಾಯಧನ ನಿಂತಮೇಲೆ ನಿಲ್ಲಿಸಿದ್ದಿತು. 2016ರಲ್ಲಿ ಮತ್ತೆ ಆ ಯಾನವನ್ನು ಆರಂಭಿಸಲು ಅದು ನೌಕಾಪಡೆಯಿಂದ ಅಲಾಕೈಯನ್ನು ಬಾಡಿಗೆಗೆ ಪಡೆದು, ದಕ್ಷಿಣ ಕ್ಯಾರೊಲೈನದ ಚಾರ್ಲ್ಸ್‌ಟನ್ನಿನಲ್ಲಿ ನವೀಕರಿಸಿ, ಜೂನ್ ತಿಂಗಳ ಮಧ್ಯಭಾಗದಿಂದ ಮೇನಿನ ಪೋರ್ಟ್‌ಲ್ಯಾಂಡಿಗೂ ನೋವ ಸ್ಕೋಷಿಯದ ಯಾರ್ಮತ್ತಿಗೂ ನಡುವೆ ಐದೂವರೆ ಗಂಟೆಗಳ ಯಾನಕ್ಕೆ ‘ದ ಕ್ಯಾಟ್’ ಎಂಬ ಅದೇ ಹೆಸರಿನಲ್ಲಿ ಹಚ್ಚಿತು. ಹೀಗೆ ನೌಕಾಪಡೆಗೆ ಸೇರಿದ ಹಡಗು ಕೆನಡದ ಸಂಸ್ಥೆಯ ಬಾಡಿಗೆಯಲ್ಲಿ ಬೇಸಗೆಯ ಪ್ರವಾಸಿಗರನ್ನು ಹೊರತೊಡಗಿತು. ಮೂರು ಋತುಗಳು ಕಳೆದುವು.

ಆಮೇಲೆ ಮತ್ತೆ ಅದೇ ಕಥೆ! ಪೋರ್ಟ್‌ಲ್ಯಾಂಡನ್ನು ಬಿಟ್ಟು ಹತ್ತಿರದ ಬಾರ್ ಹಾರ್ಬರಿಗೆ ಯಾನವನ್ನು ಬದಲಾಯಿಸಬೇಕೆಂದು ನಿಶ್ಚಯಿಸಿದಾಗ, ಅಲ್ಲಿಯ ಹಳೆಯ ಇಳಿದಾಣವನ್ನು ಸರಿಪಡಿಸಿ ಗಡಿತಪಾಸಣೆಯ ವ್ಯವಸ್ಥೆಗೆ ಅಣಿಗೊಳಿಸುವ ಕೆಲಸ ತಡವಾಯಿತು. 2019ರ ಬೇಸಗೆಯಿಡೀ ಹಡಗಿತ್ತು, ನಾವಿಕರಿದ್ದರು, ಕಡವು ಇರಲಿಲ್ಲ. 2020 ಮತ್ತು 2021ನ್ನು ಕೋವಿಡ್ ಪಿಡುಗು ನುಂಗಿತು. ಪ್ರಯಾಣಿಕನೊಬ್ಬನೂ ಹತ್ತದ ಆ ಮೂರು ವರ್ಷಗಳಲ್ಲಿಯೂ ಪ್ರಾಂತ ಸರ್ಕಾರವು ಹಡಗಿನ ಖರ್ಚನ್ನು ಹೊತ್ತುದಕ್ಕೆ ಅಲ್ಲಿ ತೀವ್ರವಾದ ಟೀಕೆ ಬಂದಿತು, ಟೀಕೆ ನ್ಯಾಯವೇ. ಈ ಜಾತಿಯ ಹಡಗು ನಿಂತರೂ ತಿನ್ನುತ್ತದೆ, ಓಡಿದರೆ ಇನ್ನೂ ತಿನ್ನುತ್ತದೆ. ಸಾಧಾರಣವಾಗಿ ವೇಗವು ಎರಡರಷ್ಟಾದರೆ ಬೇಕಾಗುವ ಶಕ್ತಿ ಎಂಟರಷ್ಟಾಗುವುದರಿಂದ, ಜಗತ್ತಿನಲ್ಲಿ ಇಂಥ ಯಾನಗಳನೇಕವು ಇಂಧನದ ಬೆಲೆ ಏರಿದೊಡನೆ ಕುಸಿದಿವೆ.

2022ರ ಮೇ ತಿಂಗಳಲ್ಲಿ ಬಾರ್ ಹಾರ್ಬರಿನಿಂದ ಅಲಾಕೈ ಮತ್ತೆ ಹೊರಟಿತು. ಈಗ ದಾರಿ ಮೂರೂವರೆ ಗಂಟೆಗಳದು. ಒಂದೇ ಹಡಗಿಗೆ ಹದಿನೈದು ವರ್ಷಗಳಲ್ಲಿ ಮೂರು ಹೆಸರುಗಳೂ ಎರಡು ಸಾಗರಗಳೂ ಆದುವು.

ನಮ್ಮ ಸಿಗಂದೂರಿನಲ್ಲಿ 2025ರ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮೀರಿದ ಆ ಸೇತುವೆಯ ಮೇಲೆ ತಾಯಿಯವರು ಬಸ್ಸಿನಲ್ಲಿ ಹೋಗಿ ಬಂದ ದಿನ ರಾತ್ರಿ ರೆಸ್ಟನ್ನಿಗೆ ಫೋನು ಮಾಡಿ, ದಾಟಲು ಐದು ನಿಮಿಷವೂ ಹಿಡಿಯಲಿಲ್ಲವೆಂದೂ, ಕೆಳಗೆ ನೋಡಿದಾಗ ಲಾಂಚು ನಿಲ್ಲುತ್ತಿದ್ದ ಕಟ್ಟೆ ಬರಿದಾಗಿ ಕಂಡಿತೆಂದೂ ತಿಳಿಸಿದರು. ಪೊಟೊಮ್ಯಾಕಿನ ಆ ದೋಣಿ ಏನಾಯಿತೆಂದು ಕೇಳಿದರು, ಹೇಳಿದೆನು. ಬರುವ ಬೇಸಗೆಗೆ ಅವರು ಮತ್ತೆ ಇಲ್ಲಿಗೆ ಬರುವವರಿದ್ದಾರೆ. ಕಾರಿನಲ್ಲಿ ಎರಡು ದಿನ ಉತ್ತರಕ್ಕೆ ಸಾಗಿ ಬಾರ್ ಹಾರ್ಬರನ್ನು ಮುಟ್ಟಿ, ಕಾರಿನ ಸಮೇತ ಅಲಾಕೈಯನ್ನೇರಬೇಕೆಂದು ನಮ್ಮ ಯೋಜನೆ.